ಚಾಂಪಿಯನ್ ರೀಫ್ಸ್‌ನವಳು ನೇತ್ರಾಣಿಯಲ್ಲಿ ಮುಳುಗಿದ್ದು

ನಾನು ದಿನಾ ಬೆಳಿಗ್ಗೆ ರೈಲು ಹತ್ತುವ ಸ್ಟೇಷನ್ನಿನ ಹೆಸರು ಚಾಂಪಿಯನ್. ಮಾರಿಕುಪ್ಪಂ ಬಿಟ್ಟ ಗಾಡಿ ಮೊದಲು ನಿಲ್ಲುವುದು ಇಲ್ಲೇ. ಸೀಟು ಹಿಡಿದು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತರೆ ಬಂಗಾರಪೇಟೆ ದಾಟುವಷ್ಟರಲ್ಲಿ ಅರ್ಧ ಬೋಗಿಗೆ ನಿದ್ದೆ. ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರುವ ಕೆಜಿಎಫ್ ಜನರಲ್ಲಿ ನಾನೂ ಒಬ್ಬಳು.

ನಮ್ಮ ಏರಿಯಾ ಹೆಸರು ಚಾಂಪಿಯನ್ ರೀಫ್ಸ್. ರೀಫ್ ಅಂದರೆ ನಮ್ಮ ಕಡೆ ಇರುವ ಅರ್ಥ ಒಂದೇ. ಬಂಡೆಯೊಳಗೆ ಚಿನ್ನ ಹರಿದಿರುವ ಪಟ್ಟೆ. ಅದನ್ನು ಒಡೆಯೋಕೆ ತಾತ ಮೂವತ್ತು ವರ್ಷಕ್ಕೂ ಜಾಸ್ತಿ ಕೇಜು ಅನ್ನೋ ಗಣಿ ಲಿಫ್ಟಿನಲ್ಲಿ ಕೆಳಗಿಳಿದ. ಗಣಿಯ ಆಳ 3 ಕಿಲೋಮೀಟರ್‌ಗಿಂತ ಹೆಚ್ಚು. ತಾತನ ಬಾಯಲ್ಲಿ ಅದು ಯಾವಾಗಲೂ '10,000 ಅಡಿ'. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ತಾತ ಅದಕ್ಕೂ ಮೊದಲೇ ರಿಟೈರ್ ಆಗಿದ್ದ. ಈಗ 86 ವರ್ಷ. ಕಲ್ಲಿನ ಧೂಳು ಕುಡಿದ ಎದೆಗೂಡು. ಬಚ್ಚಲಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾನೆ.

ಸಮುದ್ರದಲ್ಲೂ ರೀಫ್ ಇರುತ್ತದೆ, ಅದು ಹವಳದ್ದು ಅಂತ ಹೈಸ್ಕೂಲಿನಲ್ಲಿ ಓದಿದ್ದೆ. ಅದನ್ನು ಮುಟ್ಟಬಾರದು ಅಂತ ಗೊತ್ತಾಗಿದ್ದು ಮಾತ್ರ 32ನೇ ವಯಸ್ಸಿನಲ್ಲಿ. ಅದೂ ನನ್ನದೇ ಒಂದು ಫೋಟೋ ನೋಡಿ.

ಆ ಫೋಟೋ ಆಫೀಸಿನವರ ಜೊತೆ ಟ್ರಿಪ್ ಹೋದಾಗ ತೆಗೆದದ್ದು. ಎಲ್ಲಿ, ಯಾರು ಮುಳುಗಿಸಿದರು ಅನ್ನೋದೆಲ್ಲ ಈಗ ಬೇಡ. ಈಜು ಬರದಿದ್ದರೂ ಪರವಾಗಿಲ್ಲ, 20 ನಿಮಿಷ ಸಮುದ್ರದ ಕೆಳಗೆ, ಫೋಟೋ ವಿಡಿಯೋ ಫ್ರೀ ಅಂದರು. ಒಬ್ಬ ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದುಕೊಂಡು ತರಕಾರಿ ಗಾಡಿ ತಳ್ಳಿದ ಹಾಗೆ ತಳ್ಳಿಕೊಂಡು ಹೋದ. ಒಂದು ಕಡೆ ನಿಲ್ಲಿಸಿ ಕೈಗೆ ಬ್ರೆಡ್ಡು ಕೊಟ್ಟ. ಮೀನು ಮುತ್ತಿಕೊಂಡವು. ಕ್ಲಿಕ್. ಎರಡು ವರ್ಷ ಅದೇ ನನ್ನ ವಾಟ್ಸಾಪ್ ಡಿಪಿ.

ಒಂದು ದಿನ ಊಟದ ಹೊತ್ತಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳು ಆ ಫೋಟೋ ದೊಡ್ಡದು ಮಾಡಿ ನೋಡಿದಳು. ಅವಳು ಡೈವಿಂಗ್ ಕಲಿತವಳು. "ಅಕ್ಕ, ನೀವು ಯಾವುದರ ಮೇಲೆ ನಿಂತಿದ್ದೀರ ನೋಡಿದ್ದೀರಾ?" ಅಂದಳು. ನೋಡಿರಲಿಲ್ಲ. ಎರಡು ಕಾಲೂ ಹವಳದ ಮೇಲೆ. ಎಡಗೈ ಇನ್ನೊಂದು ಹವಳದ ಕೊಂಬೆಯನ್ನು ಬಸ್ಸಿನ ಕಂಬಿ ಥರ ಹಿಡಿದಿದೆ. ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಇದ್ದರೂ ನಾನು ನಗುತ್ತಿದ್ದೀನಿ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ.

ಡಿಪಿ ತೆಗೆದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಆ ಮೊದಲ ಇಪ್ಪತ್ತು ನಿಮಿಷ ತಲೆಯಿಂದ ಹೋಗಿರಲಿಲ್ಲ. ಇನ್ನೊಂದು ಸಲ ಇಳಿಯಬೇಕು ಅನ್ನೋ ಆಸೆ ಇತ್ತು. ಇಳಿದರೆ ಯಾರೂ ತಳ್ಳದ ಹಾಗೆ, ಎಲ್ಲೂ ನಿಲ್ಲದ ಹಾಗೆ ಇಳಿಯಬೇಕು. ಅದಕ್ಕೊಂದು ಕೋರ್ಸ್ ಇದೆ, ಹೆಸರು ಓಪನ್ ವಾಟರ್ ಡೈವರ್. ಮೊದಲು ಓದು, ಆಮೇಲೆ ಈಜುಕೊಳ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಪಾಸಾದರೆ ಜೊತೆಗೊಬ್ಬರನ್ನು ಇಟ್ಟುಕೊಂಡು 18 ಮೀಟರ್‌ವರೆಗೆ ಇಳಿಯಬಹುದು. ನನಗೆ ಎಲ್ಲ ಸೇರಿ 30,000ದ ಆಸುಪಾಸು ಆಯ್ತು. ಆ ತಿಂಗಳು ಚೀಟಿ ಎತ್ತಿದ್ದೆ.

ಅಮ್ಮನಿಗೆ ಹೇಳಿದೆ. "ಕೋಲಾರದವರಿಗೆ ಕುಡಿಯೋಕೆ ನೀರಿಲ್ಲ, ಇವಳಿಗೆ ಮುಳುಗೋಕೆ ನೀರು ಬೇಕಂತೆ" ಅಂತ ಪಾತ್ರೆ ಉಜ್ಜುತ್ತಲೇ ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೋಗೋದೇ ಆದ್ರೆ ಒಂದು ಹವಳ ತಗೊಂಡು ಬಾ. ನಿನ್ನ ತಮ್ಮನಿಗೆ ಕುಜದೋಷಕ್ಕೆ ಉಂಗುರ ಮಾಡಿಸಬೇಕು."

ಅಮ್ಮನ ತಾಳಿಯಲ್ಲೂ ಎರಡು ಹವಳ ಇದೆ. ನಿಜವಾದ ಕೆಂಪು ಹವಳ ಬರುವುದು ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದಿಂದ. ಅದು ರೀಫ್, ಅಂದರೆ ಕಡಲಿನೊಳಗೆ ದಿಬ್ಬ ಕಟ್ಟುವ ಹವಳವಲ್ಲ, ಅದರ ದೂರದ ನೆಂಟ. ನಮ್ಮ ಕಡಲಿನ ದಿಬ್ಬದ ಹವಳ ಸತ್ತರೆ ಉಳಿಯುವುದು ಬರೀ ಬಿಳಿ ಸುಣ್ಣ. ಅದನ್ನೂ ತರುವ ಹಾಗಿಲ್ಲ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿಗೆ ಸೇರಿವೆ. ಹುಲಿ ಇರುವ ಪಟ್ಟಿ ಅದು. ನಮ್ಮೂರಿನ ರೀಫ್ ಮುಚ್ಚಿದ ವರ್ಷವೇ ಕಡಲಿನ ರೀಫಿಗೆ ಕಾನೂನಿನ ಕಾವಲು ಬಂತು ಅನ್ನಿ. ಇದನ್ನೆಲ್ಲ ಅಮ್ಮನಿಗೆ ಹೇಳೋಕೆ ಹೋಗಲಿಲ್ಲ. "ನೋಡ್ತೀನಿ" ಅಂದೆ.

ಮೊದಲು ಒಂದು ಮೆಡಿಕಲ್ ಫಾರಂ ಬರುತ್ತದೆ. ಆಸ್ತಮಾ ಇದೆಯಾ, ಕಿವಿ ಆಪರೇಷನ್ ಆಗಿದೆಯಾ, ಹೃದಯದ ತೊಂದರೆ, ಫಿಟ್ಸ್ ಹೀಗೆ. ಯಾವುದಕ್ಕಾದರೂ ಹೌದು ಅಂದರೆ ಡಾಕ್ಟರ್ ಸಹಿ ಬೇಕಾಗುತ್ತದೆ. ನನಗೆ ಸೈನಸ್ ಕಾಟ ಇದೆ. ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು ಫಾರಂ ಓದದೆ ಸಹಿ ಹಾಕಿಬಿಟ್ಟರು. ಸಂತೋಷ ಪಡಬೇಕಿತ್ತು, ಭಯ ಆಯ್ತು. ಇನ್ನೊಬ್ಬ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಕಿವಿಯೊಳಗೆ ಲೈಟು ಬಿಡಿಸಿಕೊಂಡು, ಮೂಗು ಮುಚ್ಚಿ ಊದಿ ತೋರಿಸಿ ಸಹಿ ಮಾಡಿಸಿಕೊಂಡೆ. ನೀವೂ ಹಾಗೇ ಮಾಡಿ. ನೆಗಡಿ ಇದ್ದ ದಿನ ಮಾತ್ರೆ ನುಂಗಿಕೊಂಡು ಇಳಿಯೋದು ಬೇಡವೇ ಬೇಡ.

ಈಜು ಪರೀಕ್ಷೆ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. 200 ಮೀಟರ್ ನಿಲ್ಲದೆ ಈಜಬೇಕು, ಎಷ್ಟು ನಿಧಾನ ಆದರೂ ಸರಿ. ಆಮೇಲೆ 10 ನಿಮಿಷ ಏನೂ ಹಿಡಿಯದೆ ತೇಲಬೇಕು. ನಾನು ಈಜು ಕಲಿತಿದ್ದು ಮುಳಬಾಗಿಲು ಕಡೆ ಅಜ್ಜಿ ಊರಿನ ತೋಟದ ಬಾವಿಯಲ್ಲಿ. ಮಾಮ ನನ್ನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಮೇಲಿಂದ ನೂಕಿದ್ದ. ಆ ಬಾವಿ ಬತ್ತಿ ಯಾವುದೋ ಕಾಲ ಆಯ್ತು. ಈಗ ಅದರೊಳಗಿಂದ ಒಂದು ಹುಣಸೆ ಗಿಡ ತಲೆ ಹಾಕಿದೆ.

ಓದಿದ್ದೆಲ್ಲ ರೈಲಿನಲ್ಲೇ. ಪಕ್ಕದ ಸೀಟಿನ ಹೂವಿನ ಅಮ್ಮ ಕನಕಾಂಬರ ಕಟ್ಟುತ್ತಿದ್ದರೆ ನಾನು ಫೋನಿನಲ್ಲಿ ಒತ್ತಡದ ಲೆಕ್ಕ ಮಾಡುತ್ತಿದ್ದೆ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ಮೇಲೆ ಒಂದು ಲೀಟರ್ ಇದ್ದ ಗಾಳಿ ಅಲ್ಲಿ ಅರ್ಧ ಲೀಟರಿಗೆ ಕುಗ್ಗುತ್ತದೆ. ಇದನ್ನೇ ತಿರುಗಿಸಿ ನೋಡಿದರೆ ಡೈವಿಂಗಿನ ಮೊದಲನೇ ನಿಯಮ ಸಿಗುತ್ತದೆ. ಕೆಳಗೆ ಎದೆ ತುಂಬ ಗಾಳಿ ಎಳೆದು, ಉಸಿರು ಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗೋಕೆ ನೋಡುತ್ತದೆ, ಶ್ವಾಸಕೋಶ ಹರಿದುಹೋಗಬಹುದು. ಹಾಗಾಗಿ ಉಸಿರು ಯಾವತ್ತೂ ಹಿಡಿಯಬಾರದು. ಎಳೆ, ಬಿಡು, ಎಳೆ, ಬಿಡು. ಸಿಲಿಂಡರಿನಲ್ಲಿ ಇರೋದು ಆಕ್ಸಿಜನ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ.

ಈ ಲೆಕ್ಕದಲ್ಲಿ ಒಂದು ತಮಾಷೆ ಸಿಕ್ಕಿತು. ಕೇಜು ಇಳಿಯುವಾಗ ಕಿವಿ ಗುಂಯ್ ಅನ್ನುತ್ತಿತ್ತು, ಎಂಜಲು ನುಂಗಬೇಕಿತ್ತು ಅಂತ ತಾತ ಹೇಳುತ್ತಿದ್ದ. 10,000 ಅಡಿ ಗಾಳಿಯಲ್ಲಿ ಇಳಿದರೆ ಕಿವಿಗೆ ಎಷ್ಟು ಒತ್ತಡ ಅಂತ ಲೆಕ್ಕ ಹಾಕಿ ನೋಡಿದೆ. ಹೆಚ್ಚುಕಡಿಮೆ 4 ಮೀಟರ್ ನೀರಿಗೆ ಸಮ! ತಾತ ಭೂಮಿಯ ಹೊಟ್ಟೆಗೆ ಇಳಿದು ಅನುಭವಿಸಿದ್ದು ಈಜುಕೊಳದ ಆಳದ ಮೂಲೆಯಲ್ಲೇ ಸಿಗುತ್ತದೆ. ಕಿವಿ ವಿಷಯದಲ್ಲಿ ಮಾತ್ರ, ಮಿಕ್ಕಿದ್ದಕ್ಕೆ ಹೋಲಿಕೆಯೇ ಇಲ್ಲ.

ಈಜುಕೊಳದ ಪಾಠ ಬೆಂಗಳೂರಿನಲ್ಲಿ, ಎರಡು ಭಾನುವಾರ. ನಾನು ಸೋತು ಕೂತಿದ್ದು ಇಲ್ಲೇ.

ಮಾಸ್ಕ್ ಅಂದರೆ ಕಣ್ಣು ಮೂಗು ಎರಡನ್ನೂ ಮುಚ್ಚುವ ಕನ್ನಡಕ. ಅದರೊಳಗೆ ಬೇಕಂತಲೇ ನೀರು ತುಂಬಿಸಿಕೊಂಡು, ಮೇಲಿನ ಅಂಚು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಗಾಳಿ ಬಿಟ್ಟು ನೀರನ್ನು ಕೆಳಗಿನಿಂದ ಹೊರಗೆ ತಳ್ಳಬೇಕು. ಕೇಳೋಕೆ ಸುಲಭ. ಮಾಡೋಕೆ ಹೋದರೆ, ಮೂಗಿಗೆ ನೀರು ತಾಗಿದ ಕೂಡಲೇ ಮೈ ತನ್ನ ಪಾಡಿಗೆ ತಾನು 'ಸತ್ತೆ' ಅಂತ ತೀರ್ಮಾನ ಮಾಡಿಬಿಡುತ್ತದೆ. ಬಾಯಲ್ಲಿ ಗಾಳಿ ಬರುತ್ತಲೇ ಇದೆ, ಆದರೂ ಕೇಳಲ್ಲ. ಮೂರು ಸಲ ಎದ್ದು ನಿಂತೆ. ನೀರು ಇದ್ದದ್ದು ನನ್ನ ಎದೆವರೆಗೆ. ಪಕ್ಕದ ಲೇನಿನಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಈಜೋದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ.

ಇನ್‌ಸ್ಟ್ರಕ್ಟರ್ ಕುಂದಾಪುರ ಕಡೆಯವರು. ಬೈಯಲಿಲ್ಲ. "ಮೇಡಂ, ನೀವು ಮೂಗಿನ ಜೊತೆ ಜಗಳ ಮಾಡ್ತಾ ಇದ್ದೀರಿ. ಮಾಸ್ಕ್ ತೆಗೆದು ಇಲ್ಲಿಡಿ. ಬಾಯಿಂದ ಉಸಿರಾಡಿಕೊಂಡು ಮುಖ ನೀರಲ್ಲಿಟ್ಟು ಸುಮ್ನೆ ಕೂತ್ಕೊಳ್ಳಿ. ಎಂಥ ಅರ್ಜೆಂಟೂ ಇಲ್ಲ" ಅಂದರು. ಕಾಲು ಗಂಟೆ ಹಾಗೇ ಕೂತೆ. ಬಾಯಿಂದ ಎಳೆದುಕೊ, ಮೂಗಿನಿಂದ ಬಿಡು. ನಿಧಾನಕ್ಕೆ ಮೂಗು ಸುಮ್ಮನಾಯಿತು. ನಾಲ್ಕನೇ ಸಲ ನೀರು ಹೋಯ್ತು. ಆಮೇಲೂ ಸ್ವಲ್ಪ ಸೋರುತ್ತಿತ್ತು. ನೋಡಿದರೆ ಒಂದು ಕೂದಲೆಳೆ ಮಾಸ್ಕಿನ ಅಂಚಿಗೆ ಸಿಕ್ಕಿಕೊಂಡಿದೆ. ಒಂದೇ ಒಂದು ಕೂದಲು ಸಾಕಂತೆ.

ಮಿಕ್ಕಿದ್ದು ಬೇಗ ಬಂತು. ಬಾಯಿಂದ ಜಾರಿದ ರೆಗ್ಯುಲೇಟರನ್ನು ತೋಳು ಬೀಸಿ ಹುಡುಕಿ ಮತ್ತೆ ಕಚ್ಚೋದು, ಜೊತೆಯವರ ಗಾಳಿ ಹಂಚಿಕೊಳ್ಳೋದು, ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ಎಷ್ಟು ಸಲ ಹೇಳಿದರೂ ಖುಷಿಯಾದಾಗಲೆಲ್ಲ ನನ್ನ ಹೆಬ್ಬೆರಳೇ ಏಳುತ್ತಿತ್ತು.

ಜನವರಿ ತಿಂಗಳು. ರಾತ್ರಿ ಬಸ್ಸು ಹತ್ತಿ ಮುರ್ಡೇಶ್ವರಕ್ಕೆ ಹೋದೆವು. ನೇತ್ರಾಣಿ ದ್ವೀಪ ಅಲ್ಲಿನ ದಡದಿಂದ ಸುಮಾರು 19 ಕಿಲೋಮೀಟರ್. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ, ಕಡಲು ಕುದಿಯುತ್ತಿರುತ್ತದೆ. ಮಳೆ ಮುಗಿದ ಮೇಲೆ ನೀರು ತಿಳಿಯಾಗುತ್ತಾ ಬಂದು ಡಿಸೆಂಬರ್, ಜನವರಿ ಹೊತ್ತಿಗೆ ಚೆನ್ನಾಗಿರುತ್ತದೆ. ಬೋಟಿನಲ್ಲಿ ಒಂದೂವರೆ ಗಂಟೆ. ದಡದ ದೊಡ್ಡ ಶಿವ ಸಣ್ಣದಾಗುತ್ತಾ ಆಗುತ್ತಾ ಬೆರಳಷ್ಟಾದ. ಆಮೇಲೆ ನನಗೆ ಏನೂ ಕಾಣಿಸಲಿಲ್ಲ, ವಾಂತಿ ಮಾಡುತ್ತಿದ್ದೆ.

ಬೋಟ್ ಹತ್ತುವ ಮೊದಲು ಒಂದು ಸಣ್ಣ ವಿಚಾರಣೆ ನಡೆದಿತ್ತು. "ಸನ್‌ಸ್ಕ್ರೀನ್ ಹಚ್ಚಿದ್ದೀರಾ? ತಲೆಗೆ ಎಣ್ಣೆ?" ಎರಡಕ್ಕೂ ಹೌದು. ಎಣ್ಣೆ ಅಮ್ಮನ ಕೆಲಸ, ಉಪ್ಪು ನೀರಿಗೆ ಕೂದಲು ಹಾಳಾಗುತ್ತದೆ ಅಂತ ಅರ್ಧ ಬಾಟಲಿ ಸುರಿದಿದ್ದಳು. ಎರಡೂ ತೊಳೆದುಕೊಂಡು ಬರೋಕೆ ಕಳಿಸಿದರು. ಸನ್‌ಸ್ಕ್ರೀನಿನಲ್ಲಿ ಇರುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎರಡೂ ಹವಳದ ಮರಿಗಳಿಗೆ ಆಗಿಬರಲ್ಲ. ಅಮೆರಿಕದ ಹವಾಯಿಯಲ್ಲಿ ಇವೆರಡು ಇರುವ ಸನ್‌ಸ್ಕ್ರೀನ್ ಮಾರೋದನ್ನೇ 2021ರಿಂದ ನಿಲ್ಲಿಸಿದ್ದಾರೆ. ನಮಗೆ ಅಷ್ಟು ದೂರದ ಯೋಚನೆ ಬೇಡ, ತುಂಬು ತೋಳಿನ ಬಟ್ಟೆ ಹಾಕಿಕೊಂಡರೆ ಮುಗೀತು.

ದ್ವೀಪದ ಹತ್ತಿರ ಬೋಟಿನವರು ಕೆಳಗೆ ಬಗ್ಗಿ ನೋಡಿ, ಬರೀ ಮರಳಿರುವ ಕಡೆ ಲಂಗರು ಬಿಟ್ಟರು. ನಾನು ಬೋಟಿನ ಅಂಚಿನಲ್ಲಿ ಕೂತು ಹಿಂದಕ್ಕೆ ಬಿದ್ದೆ.

ಮೊದಲ ಡೈವ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಹಗ್ಗ ಹಿಡಿದು ಇಳಿದೆ, ಮೂಗು ಒತ್ತಿ ಊದಿ ಒತ್ತಡಕ್ಕೆ ಕಟ್ಟಿದ ಕಿವಿ ಬಿಡಿಸಿಕೊಂಡೆ, ಮರಳಿನ ಮೇಲೆ ಮಂಡಿಯೂರಿ ಮಾಸ್ಕಿಗೆ ನೀರು ತುಂಬಿಸಿ ಖಾಲಿ ಮಾಡಿದೆ. ನೋವಾದ ಮೇಲೆ ಕಿವಿ ಬಿಡಿಸೋದಲ್ಲ, ಆಗುವ ಮೊದಲೇ ಬಿಡಿಸುತ್ತಾ ಇಳಿಯಬೇಕು. ಅಷ್ಟೇ.

ಎರಡನೇದರಲ್ಲಿ ಎಡವಟ್ಟಾಯಿತು. ಭಯದಲ್ಲಿ ನಾನು ಗಾಳಿ ಎಳೆದುಕೊಂಡಷ್ಟು ಬಿಡುತ್ತಿರಲಿಲ್ಲ. ಎದೆ ಯಾವಾಗಲೂ ಬಲೂನಿನ ಥರ ತುಂಬಿರುತ್ತಿತ್ತು, ಹಾಗಾಗಿ ಮುಳುಗುತ್ತಿರಲಿಲ್ಲ. ಇನ್ನೆರಡು ಕಿಲೋ ಸೀಸ ಕೊಡಿ ಅಂತ ನಾನೇ ಕೇಳಿ ಸೊಂಟಕ್ಕೆ ಕಟ್ಟಿಸಿಕೊಂಡೆ. ಈಗ ಸೊಂಟ ಭಾರ, ಎದೆ ಹಗುರ. ಅಡ್ಡಡ್ಡ ಮಲಗಿ ಈಜಬೇಕಾದವಳು ನೇರ ನಿಂತ ಹಾಗಾದೆ. ಕೆಳಗೆ ಜಾರುತ್ತಿದ್ದೀನಿ ಅನ್ನಿಸಿದಾಗಲೆಲ್ಲ ಸೈಕಲ್ ತುಳಿದ ಹಾಗೆ ಕಾಲು ಆಡಿಸುತ್ತಿದ್ದೆ. ಕಾಲಿಗೆ ಮೀನಿನ ರೆಕ್ಕೆಯಂಥ ಮೊಳದುದ್ದದ ಫಿನ್ ಬೇರೆ. ಅದು ಎಲ್ಲಿ ಮುಗಿಯುತ್ತದೆ ಅಂತ ಮೈಗೆ ಗೊತ್ತಾಗಲ್ಲ.

ನನಗೆ ಏನೂ ತಿಳಿಯಲೇ ಇಲ್ಲ. ಸದ್ದಿಲ್ಲ, ತಾಗಿದ ಹಾಗೂ ಆಗಲಿಲ್ಲ. ಇನ್‌ಸ್ಟ್ರಕ್ಟರ್ ಬಂದು ನನ್ನ ಮೊಣಕೈ ಹಿಡಿದು ನಿಲ್ಲಿಸಿ ಕೆಳಗೆ ತೋರಿಸಿದರು.

ಒಂದು ಕೊಂಬೆ ಹವಳದ ಗುಂಪು. ಕಂದು ಬಣ್ಣ, ತುದಿಗಳು ಸ್ವಲ್ಪ ಮಾಸಲು. ನಡುವೆ ಒಂದು ಕೊಂಬೆ ಮುರಿದಿದೆ. ಮುರಿದ ಜಾಗ ಹಸಿ ತೆಂಗಿನಕಾಯಿ ಚೂರಿನ ಹಾಗೆ ಬೆಳ್ಳಗೆ. ತುಂಡು ಪಕ್ಕದಲ್ಲೇ ಮರಳಿನ ಮೇಲೆ ಬಿದ್ದಿತ್ತು, ನನ್ನ ಕಿರುಬೆರಳಿನಷ್ಟುದ್ದ. ಬಗ್ಗಿ ನೋಡಿದೆ. ಅದರ ಮೈ ತುಂಬ ಸಾಸಿವೆಗಿಂತ ಸಣ್ಣ ತೂತುಗಳು, ಒಂದೊಂದು ತೂತಿನ ಅಂಚಿನಲ್ಲೂ ಎಳೆ ಎಳೆಯಾಗಿ ಏನೋ. ಅದುವರೆಗೆ ಹವಳ ಅಂದರೆ ನನ್ನ ತಲೆಯಲ್ಲಿ ಕಲ್ಲು, ಇಲ್ಲ ಗಿಡ. ಆ ಒಂದೊಂದು ತೂತೂ ಒಂದೊಂದು ಪ್ರಾಣಿಯ ಮನೆ, ಮನೆಯವರು ಒಳಗೇ ಇದ್ದಾರೆ ಅನ್ನೋದು ಆಗ ಕಣ್ಣಿಗೆ ಕಂಡಿತು. ಇನ್‌ಸ್ಟ್ರಕ್ಟರ್ ಆ ತುಂಡನ್ನು ಎರಡು ಬೆರಳಲ್ಲಿ ಎತ್ತಿ, ಅಲೆಗೆ ಉರುಳದ ಹಾಗೆ ಒಂದು ಬಂಡೆಯ ಸೀಳಿನಲ್ಲಿ ಸಿಕ್ಕಿಸಿದರು. ಆಮೇಲೆ ನನ್ನ ಸೊಂಟದಿಂದ ಒಂದು ಸೀಸದ ಬಿಲ್ಲೆ ಬಿಚ್ಚಿ ತಮ್ಮ ಜೇಬಿಗೆ ಹಾಕಿಕೊಂಡರು.

ಫೋಟೋದಲ್ಲಿ ಹವಳದ ಮೇಲೆ ನಿಂತಿದ್ದೆ, ಕೋರ್ಸ್ ಮಾಡಿ ಮುರಿದೆ. ಬೋಟಿಗೆ ಬಂದು ತುಂಬ ಹೊತ್ತು ಯಾರ ಮುಖವನ್ನೂ ನೋಡಲಿಲ್ಲ.

ಸಂಜೆ ದಡದ ಅಂಗಡಿಯಲ್ಲಿ ಬನ್ಸು ತಿನ್ನುತ್ತಾ ಕೇಳಿದೆ, ಅದು ಬದುಕುತ್ತದಾ? "ಬದುಕಿದ್ರೆ ಬದುಕೀತು. ಗಟ್ಟಿ ಜಾಗ ಸಿಕ್ಕಿ ಅಲುಗಾಡದೆ ಇದ್ರೆ ಕೆಲವು ಅಂಟಿಕೊಳ್ತವೆ" ಅಂದರು. ಎಷ್ಟು ದಿನದ ಬೆಳೆ ಅದು ಅಂತ ಕೇಳೋಕೆ ಧೈರ್ಯ ಬರಲಿಲ್ಲ, ಆದರೂ ಅವರೇ ಹೇಳಿದರು. ಕೊಂಬೆ ಹವಳದಲ್ಲಿ ಬಹಳ ಬೇಗ ಬೆಳೆಯುವ ಜಾತಿ ವರ್ಷಕ್ಕೆ 10ರಿಂದ 20 ಸೆಂಟಿಮೀಟರ್ ಏರಿದರೆ ದೊಡ್ಡದು. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನಾವು ಪಕ್ಕದಲ್ಲಿ ಹಾದುಹೋದ ಗುಂಡು ಹವಳ ಒಂದು ನಮ್ಮ ಮನೆಯ ರುಬ್ಬುಗುಂಡಿನ ನಾಲ್ಕರಷ್ಟಿತ್ತು. ಲೆಕ್ಕ ಹಾಕಿದರೆ ಅದು ತಾತನ ವಾರಿಗೆಯದು.

ಕೆಳಗೆ ಇನ್ನೊಂದು ಕಡೆ ಅವರು ಒಂದು ಹವಳ ತೋರಿಸಿದ್ದರು. ಒಂದು ಪಕ್ಕ ಕಂದು, ಇನ್ನೊಂದು ಪಕ್ಕ ಅಚ್ಚ ಬಿಳಿ. ಚೆನ್ನಾಗಿದೆ ಅಂದುಕೊಂಡಿದ್ದೆ. "ಚಂದ ಎಂಥದು ಮಾರಾಯ್ರೆ, ಅದು ಹಸಿವು" ಅಂದರು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸೋದು ಅದೇ, ಬಣ್ಣವೂ ಅದರದ್ದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಮೇಲೆ ಹೋಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಉಳಿಯೋದು ಗಾಜಿನಂಥ ಚರ್ಮ, ಅದರ ಕೆಳಗೆ ಬಿಳಿ ಸುಣ್ಣ. ಅಷ್ಟಕ್ಕೇ ಸತ್ತ ಹಾಗಲ್ಲ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸ್ ಬರಬಹುದು. ಬರದಿದ್ದರೆ ಉಪವಾಸ. ಬಿಳಿ ಆಗೋಕೆ ಬೇರೆ ಕಾರಣಗಳೂ ಇರುತ್ತವೆ, ರೋಗ ಇರಬಹುದು, ಯಾವುದಾದರೂ ಬಸವನಹುಳು ತಿಂದಿರಬಹುದು. ಆದರೆ ಪ್ರಪಂಚದ ಕಡಲುಗಳೆಲ್ಲ ಒಟ್ಟಿಗೆ ಬಿಸಿಯಾಗಿ ಹವಳ ಬಿಳಿಚಿಕೊಂಡದ್ದು 1998ರಲ್ಲಿ, 2010ರಲ್ಲಿ, 2016ರ ಸುತ್ತಮುತ್ತ. ನಾಲ್ಕನೇ ಸಲ ಅಂತ 2024ರ ಏಪ್ರಿಲ್‌ನಲ್ಲಿ ಘೋಷಣೆ ಆಯ್ತು. ನಮ್ಮ ಲಕ್ಷದ್ವೀಪಕ್ಕೂ ಅದು ಬಿಟ್ಟಿಲ್ಲ.

ಮಾತು ಮಾತಿಗೆ ನಿಮ್ಮ ಊರು ಯಾವುದು ಅಂತ ಬಂತು. ಕೆಜಿಎಫ್ ಅಂದೆ. ಎಲ್ಲರ ಹಾಗೆ ಸಿನಿಮಾ ವಿಷಯ ತೆಗೆಯುತ್ತಾರೆ ಅಂದುಕೊಂಡೆ. "ಅಲ್ಲಿ ಸೈನೈಡ್ ಗುಡ್ಡ ಉಂಟಲ್ಲ?" ಅಂದರು. ಇದೆ. ಅದಿರು ಪುಡಿ ಮಾಡಿ ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದು ಮಿಕ್ಕ ಮಣ್ಣನ್ನು ಸುರಿದು ಸುರಿದು ಆದ ಗುಡ್ಡ. ನಮ್ಮ ಕಡೆ ಅದಕ್ಕೆ ಸೈನೈಡ್ ದಿಬ್ಬ ಅಂತಲೂ ಅನ್ನುತ್ತಾರೆ. ಗಾಳಿ ಬಂದರೆ ಅದರ ಧೂಳು ಒಣಗಿಸಿದ ಬಟ್ಟೆ ಮೇಲೆಲ್ಲ. "ಅದೇ ಸೈನೈಡ್ ಹವಳದ ದಿಬ್ಬಕ್ಕೂ ಹಾಕ್ತಾರೆ, ಗೊತ್ತುಂಟಾ?" ಗೊತ್ತಿರಲಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆ ಸೈನೈಡ್ ಕಲಸಿದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹವಳದ ಸಂದಿಗೆ ಚಿಮ್ಮಿಸುತ್ತಾರಂತೆ. ಒಳಗೆ ಅಡಗಿದ ಬಣ್ಣದ ಮೀನು ಮಂಕಾಗಿ ತೇಲಿ ಬರುತ್ತದೆ, ಜೀವಂತ ಹಿಡಿದು ಅಕ್ವೇರಿಯಂಗೆ ಮಾರುತ್ತಾರೆ. ಅಲ್ಲಿ ಅದು ಕಾನೂನಿಗೆ ವಿರುದ್ಧ, ಆದರೂ ಪೂರ್ತಿ ನಿಂತಿಲ್ಲ. ಮೀನು ಬದುಕಿದರೂ ಸುತ್ತಲಿನ ಹವಳ ಸಾಯುತ್ತದೆ. ಆಫೀಸಿನ ಹತ್ತಿರದ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ನೋಡಿದ ನೀಲಿ ಹಳದಿ ಕಡಲ ಮೀನುಗಳು ನೆನಪಾದವು. ಅವು ಎಲ್ಲಿಂದ ಬಂದವು ಅಂತ ಒಂದು ಸಲವೂ ಕೇಳಿರಲಿಲ್ಲ.

ಮಾರನೇ ದಿನ ಎರಡು ಡೈವ್. ಸೀಸ ಕಮ್ಮಿ. "ಇವತ್ತು ಕಾಲು ಮರೆತುಬಿಡಿ, ಉಸಿರಲ್ಲೇ ಏರಿಳಿಯಿರಿ" ಅಂದರು. ಸುಮ್ಮನೆ ಅಡ್ಡ ಮಲಗಿ, ಕೈ ಎದೆಗೆ ಕಟ್ಟಿಕೊಂಡು, ನಿಧಾನವಾಗಿ ಗಾಳಿ ಎಳೆದರೆ ಮೈ ಒಂದಡಿ ಏರುತ್ತದೆ. ಬಿಟ್ಟರೆ ಇಳಿಯುತ್ತದೆ. ಆದರೆ ತಕ್ಷಣ ಅಲ್ಲ, ಎರಡು ಮೂರು ಸೆಕೆಂಡ್ ತಡ. ಆ ತಡದಲ್ಲೇ ಹೊಸಬರು ಗಾಬರಿ ಬಿದ್ದು ಕಾಲು ಆಡಿಸೋದು. ಕಾಯೋಕೆ ಕಲಿತರೆ ಅರ್ಧ ಡೈವಿಂಗ್ ಬಂದ ಹಾಗೆ. ಹಬೆಯಾಡುವ ಇಡ್ಲಿ ಪಾತ್ರೆ ಮುಂದೆ ನಿಂತು ಮುಚ್ಚಳ ತೆಗೆಯದೆ ಇರೋದು ಇದ್ದ ಹಾಗೆ ಅದು.

ಮೂರನೇ ಡೈವಿನ ಮಧ್ಯದಲ್ಲಿ ಎಲ್ಲಿಂದಲೋ ಕಟ ಕಟ ಅಂತ ಸದ್ದು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕರಷ್ಟು ವೇಗವಾಗಿ ಓಡುತ್ತದೆ, ಹಾಗಾಗಿ ಯಾವ ದಿಕ್ಕಿನಿಂದ ಅಂತ ಕಿವಿಗೆ ಗೊತ್ತಾಗಲ್ಲ. ಸುತ್ತ ತಿರುಗಿ ನೋಡಿದರೆ ಒಂದು ಗಿಳಿ ಮೀನು. ಹಸಿರು ಮೈ, ಕೊಕ್ಕಿನಂಥ ಹಲ್ಲು. ಬಂಡೆಗೆ ಅಂಟಿದ ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತಿದೆ. ಕಚ್ಚುತ್ತದೆ, ಎರಡು ಮೊಳ ಮುಂದೆ ಹೋಗುತ್ತದೆ, ಹಿಂದಿನಿಂದ ಬಿಳಿ ಹೊಗೆಯ ಥರ ಮರಳು ಬಿಡುತ್ತದೆ. ತಿಂದ ಸುಣ್ಣವೆಲ್ಲ ಮರಳಾಗಿ ಹೊರಗೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಇದರ ಪಾಲು ದೊಡ್ಡದಂತೆ. ಹನಿಮೂನ್ ಫೋಟೋ ತೆಗೆಸಿಕೊಳ್ಳುವವರಿಗೆ ಹೇಳಬೇಕು. ಈ ಮೀನು ಪಾಚಿ ತಿಂದು ಜಾಗ ಖಾಲಿ ಮಾಡಿದರೇ ಹವಳದ ಮರಿ ಬಂದು ಕೂರಲು ಜಾಗ. ಬ್ರೆಡ್ಡು ತಿನ್ನಿಸಿ ಅಭ್ಯಾಸ ಮಾಡಿಸಿದರೆ ಈ ಕೆಲಸ ಯಾರು ಮಾಡಬೇಕು?

ಒಂದು ಕಡೆ ಬಂಡೆಗೆ ನೈಲಾನ್ ಬಲೆಯ ತುಂಡು ಸುತ್ತಿಕೊಂಡಿತ್ತು. ನಾನು ಕೈ ಚಾಚಿದೆ. ಇನ್‌ಸ್ಟ್ರಕ್ಟರ್ ತಲೆ ಅಡ್ಡ ಆಡಿಸಿದರು. ಎಳೆದರೆ ಹವಳವೂ ಕಿತ್ತು ಬರುತ್ತದೆ, ಬಲೆ ನಮಗೂ ಸುತ್ತಿಕೊಳ್ಳುತ್ತದೆ. ಅವರೇ ಸಣ್ಣ ಕತ್ತರಿಯಿಂದ ಒಂದೊಂದೇ ಕಣ್ಣು ಕತ್ತರಿಸಿದರು. ಆರೇಳು ನಿಮಿಷಕ್ಕೆ ಕರವಸ್ತ್ರದಷ್ಟು ಬಿಡಿಸಿದರು. ಮಿಕ್ಕಿದ್ದು ಅಲ್ಲೇ ಉಳಿಯಿತು, ಗಾಳಿ ಮುಗಿಯುತ್ತಾ ಬಂದಿತ್ತು.

ಕೊನೇ ಡೈವಿನಲ್ಲಿ ನಾನು ಕೈಸನ್ನೆ ಮಾಡಿ ಕೇಳಿದೆ, ಆ ತುಂಡು ಎಲ್ಲಿ? ಕರಕೊಂಡು ಹೋದರು. ಸೀಳಿನಲ್ಲೇ ಇತ್ತು. ಬಣ್ಣ ಹಾಗೇ ಇತ್ತು. ಒಂದೇ ದಿನಕ್ಕೆ ಏನು ಗೊತ್ತಾಗುತ್ತದೆ, ಆದರೂ ನೋಡಿದೆ. ಎರಡು ಮೊಳ ಮೇಲೆ ಅಡ್ಡ ಮಲಗಿ, ಕೈ ಕಟ್ಟಿಕೊಂಡು. ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು, ರಕ್ತದಲ್ಲಿ ಸೇರಿದ ನೈಟ್ರೋಜನ್ ಇಳಿಯಲಿ ಅಂತ.

ಆವತ್ತೇ ರಾತ್ರಿ ಬಸ್ಸು ಹಿಡಿಯೋಣ ಅಂದುಕೊಂಡಿದ್ದೆ, ಬಿಡಲಿಲ್ಲ. ಡೈವಿಂಗ್ ಆದ ಮೇಲೆ ವಿಮಾನ ಹತ್ತಬಾರದು ಅಂತ ಗೊತ್ತಿತ್ತು. ಘಾಟಿ ಹತ್ತೋದೂ ಹಾಗೇನೇ ಅಂತ ಗೊತ್ತಿರಲಿಲ್ಲ. ನಮ್ಮ ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ. ಕೆಳಗಿನ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಗಾಳಿ ಮೇಲೆ ಹೋದ ಹಾಗೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳಬಹುದು. ಎರಡು ದಿನ ಸೇರಿ ನಾಲ್ಕು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು. ಬಯಲುಸೀಮೆಯಿಂದ ಹೋಗುವವರು ಇದನ್ನು ನೆನಪಿಟ್ಟುಕೊಂಡು ರಜೆ ಹಾಕಿ. ನಾನು ಒಂದು ದಿನದ ಸಂಬಳ ಕಳಕೊಂಡೆ.

ಮನೆಗೆ ಬಂದಾಗ ತಾತ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದ.

"ಎಷ್ಟು ಇಳಿದೆ?"

"18 ಮೀಟರ್ ತಾತ. 60 ಅಡಿ."

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ನಿಮ್ಮಜ್ಜಿ ಊರಿನ ಬಾವೀನೇ ಅದಕ್ಕಿಂತ ಆಳ ಕಣಮ್ಮ" ಅಂದ. ಫೋನಿನಲ್ಲಿ ವಿಡಿಯೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದ. ಸಿಲಿಂಡರ್, ಬಾಯಲ್ಲಿ ಕಚ್ಚಿದ ಕೊಳವೆ, ಗುಳ್ಳೆ. ಗಾಳಿ ಎಷ್ಟು ಹೊತ್ತು ಬರುತ್ತದೆ ಅಂತ ಎರಡು ಸಲ ಕೇಳಿದ.

"ಕಲ್ಲು ತಂದಿಲ್ವಾ?"

ತಾತ ಗಣಿಯಿಂದ ತಂದ ಬೆಣಚುಕಲ್ಲೊಂದು ನಮ್ಮ ಟಿವಿ ಸ್ಟ್ಯಾಂಡಿನ ಮೇಲಿದೆ. ಚಿನ್ನ ಇಲ್ಲದ್ದು, ಬರೀ ಬಿಳಿ. ಚಿನ್ನ ಇದ್ದಿದ್ದರೆ ಗೇಟು ದಾಟುತ್ತಿರಲಿಲ್ಲ. ಮೇಲೆ ಬಂದವರನ್ನೆಲ್ಲ ನಿಲ್ಲಿಸಿ ಮೈ ತಡವಿ ನೋಡಿಯೇ ಬಿಡುತ್ತಿದ್ದರು.

"ಇಲ್ಲ ತಾತ. ತರಬಾರದು."

"ಗೇಟಲ್ಲಿ ಮೈ ತಡವಿ ನೋಡ್ತಾರಾ?"

"ಅಲ್ಲಿ ಗೇಟೇ ಇಲ್ಲ."

ತಾತ ವಿಡಿಯೋವನ್ನೇ ನೋಡುತ್ತಿದ್ದ. ಗಿಳಿ ಮೀನು ಬಂಡೆ ಕೆರೆಯುತ್ತಿತ್ತು. "ಗೇಟಿಲ್ಲ" ಅಂತ ತನಗೆ ತಾನೇ ಅಂದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಮತ್ತೆ ಇನ್ನೂ ಹೆಂಗೆ ಉಳ್ಕೊಂಡಿದೆ?"

ನಾನು ಏನೋ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಒಳಗಿಂದ ಅಮ್ಮ ಕೂಗಿದಳು, "ಏನೇ, ಹವಳ ತಂದ್ಯಾ ಇಲ್ವಾ?"